ಸ್ಪ್ಯಾನರ್ ಹಿಡಿಯುವ ಮುನ್ನ

ಅಪ್ಪ ಬಿಟ್ಟುಹೋದ ಕಾರು ಹದಿನೇಳು ವರ್ಷಗಳಲ್ಲಿ ಓಡಿದ್ದು 34,600 ಕಿಲೋಮೀಟರ್. 2008ರ ವ್ಯಾಗನ್‌ಆರ್. ಎಚ್.ಎ.ಎಲ್.ನ ಓವರ್‌ಹಾಲ್ ವಿಭಾಗದಿಂದ ನಿವೃತ್ತರಾದ ಮೇಲೆ ಪಿ.ಎಫ್. ಹಣದಲ್ಲಿ ಅಪ್ಪ ಕೊಂಡ ಮೊದಲ ಮತ್ತು ಕೊನೆಯ ಕಾರು ಅದು. ಭಾನುವಾರ ದೇವಸ್ಥಾನ, ತಿಂಗಳಿಗೊಮ್ಮೆ ಮಾರ್ಕೆಟ್ಟು, ವರ್ಷಕ್ಕೆರಡು ಸಲ ಊರು. 2021ರಲ್ಲಿ ಅಪ್ಪ ಹೋದರು. ಆಮೇಲೆ ಅದು ಬೆಳ್ಳಂದೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿದ್ದೇ ಹೆಚ್ಚು.

ಈಗ ಅಮ್ಮನಿಗೆ ಹೃದಯದ ತೊಂದರೆ ಶುರುವಾಗಿದೆ. ವಾರಕ್ಕೊಮ್ಮೆ ಆಸ್ಪತ್ರೆ, ಒಮ್ಮೊಮ್ಮೆ ರಾತ್ರಿ ಹನ್ನೊಂದಕ್ಕೆ ಇದ್ದಕ್ಕಿದ್ದಂತೆ ಹೊರಡುವುದು. ಮೊಬೈಲಿನಲ್ಲಿ ಕ್ಯಾಬ್ ಕರೆದು, ಅದು ಒಪ್ಪಿ, ಮತ್ತೆ ಬೇಡವೆಂದು, ಇನ್ನೊಂದು ಬರುವಷ್ಟರಲ್ಲಿ ಅಮ್ಮ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ. ಎರಡನೇ ಸಲ ಹಾಗಾದಾಗ ಅವಳೇ ಹೇಳಿದಳು: "ಅಪ್ಪನ ಕಾರಿದೆಯಲ್ಲೋ, ಅದನ್ನ ರೆಡಿ ಮಾಡ್ಸು."

ರೆಡಿ ಮಾಡಿಸುವುದು ಎಂದರೆ ಏನು? ಅದು ನನಗೆ ಗೊತ್ತಿರಲಿಲ್ಲ. ಒಂದು ದೊಡ್ಡ ವರ್ಕ್‌ಶಾಪಿಗೆ ಕೊಂಡೊಯ್ದೆ. ಟೈ ಕಟ್ಟಿದ ಹುಡುಗ ಟ್ಯಾಬ್ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹದಿನೇಳು ಬಾಬ್ತಿನ ಎಸ್ಟಿಮೇಟು ಕೊಟ್ಟ. ಇಂಜಿನ್ ಫ್ಲಶಿಂಗ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎ.ಸಿ. ಶುದ್ಧೀಕರಣ, ತಳಕ್ಕೆ ಲೇಪನ, ಮೈಗೆ ಪಾಲಿಶ್. ಒಟ್ಟು 61,400 ರೂಪಾಯಿ. "ಹಳೇ ಗಾಡಿ ಸಾರ್, ಎಲ್ಲ ಮಾಡಿಸಿಬಿಟ್ರೆ ಟೆನ್ಷನ್ ಇರಲ್ಲ" ಎಂದ. ಯೋಚಿಸಿ ಹೇಳುತ್ತೇನೆಂದು ವಾಪಸು ಬಂದೆ.

ಆ ರಾತ್ರಿ ಅಪ್ಪನ ಪುಸ್ತಕ ತೆಗೆದೆ. ಹಸಿರು ರಟ್ಟಿನ, ಉದ್ದನೆಯ ಲೆಕ್ಕದ ಪುಸ್ತಕ. ಕಾರಿಗೆ ಏನೇ ಮಾಡಿಸಿದರೂ ದಿನಾಂಕ, ಕಿಲೋಮೀಟರ್, ಕೆಲಸ, ಖರ್ಚು ಎಲ್ಲವನ್ನೂ ಅಪ್ಪ ಅದರಲ್ಲಿ ಬರೆಯುತ್ತಿದ್ದರು. ಕಾರು ಕೈಕೊಟ್ಟ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದರು. ಅಂಥವು ಹನ್ನೊಂದಿದ್ದವು. ಅವನ್ನೇ ನೋಡುತ್ತ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹನ್ನೊಂದರಲ್ಲಿ ಐದು, ಸರ್ವಿಸ್ ಮಾಡಿಸಿದ ಎರಡು ವಾರದೊಳಗೇ ಆಗಿದ್ದವು. ಒಮ್ಮೆ ಕೂಲೆಂಟ್ ಪೈಪಿನ ಕ್ಲಿಪ್ಪು ಸಡಿಲ ಬಿಟ್ಟಿದ್ದರು, ಮಾರನೇ ದಿನ ಬಾನೆಟ್ಟಿನಿಂದ ಹಬೆ. ಇನ್ನೊಮ್ಮೆ ಬ್ಯಾಟರಿಯ ಟರ್ಮಿನಲ್ ಸರಿಯಾಗಿ ಕೂಡಿಸಿರಲಿಲ್ಲ. ಅದರ ಪಕ್ಕದಲ್ಲಿ ಅಪ್ಪನ ಷರಾ: "ಚೆನ್ನಾಗಿದ್ದುದನ್ನು ಬಿಚ್ಚಿದ್ದರಿಂದ." ಓಡುತ್ತಿರುವ ಇಂಜಿನ್ನಿಗೆ ಸುಮ್ಮಸುಮ್ಮನೆ ಸ್ಪ್ಯಾನರ್ ಹಾಕಬೇಡ ಎಂದು ಅವರು ಆಗಾಗ ಅನ್ನುತ್ತಿದ್ದುದು ನೆನಪಾಯಿತು.

ಅದನ್ನು ನಾನು ಮುದುಕರ ಜಿಪುಣತನ ಎಂದುಕೊಂಡಿದ್ದೆ. ಅದಕ್ಕೊಂದು ಇತಿಹಾಸವಿದೆ, ಆ ಇತಿಹಾಸದ ಒಂದು ತುಂಡು ನಮ್ಮ ಬಾಲ್ಕನಿಯಿಂದ ಕಾಣುವ ಕೆರೆಗೂ ಸೇರಿದೆ ಎಂದು ತಿಳಿದದ್ದು ಆಮೇಲೆ.

ಬೆಳ್ಳಂದೂರು ಕೆರೆಯ ಉತ್ತರಕ್ಕೆ ಎಚ್.ಎ.ಎಲ್. ಇದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಅದನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಆರಂಭಿಸಿದರು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ವಿಮಾನ ಕಟ್ಟಲೆಂದು ಹುಟ್ಟಿದ ಕಾರ್ಖಾನೆಯ ಗತಿಯನ್ನು ಯುದ್ಧ ಬದಲಿಸಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು, 84ನೇ ಏರ್ ಡಿಪೋ ಎನಿಸಿಕೊಂಡಿತು. ಭಾರತ ಮತ್ತು ಬರ್ಮಾದಲ್ಲಿ ಹಾರುತ್ತಿದ್ದ ವಿಮಾನಗಳು ರಿಪೇರಿಗೆ, ಓವರ್‌ಹಾಲಿಗೆ ಇಲ್ಲಿಗೆ ಬರತೊಡಗಿದವು. ಹಾಗೆ ಓವರ್‌ಹಾಲ್ ಆದ ಮೊದಲ ವಿಮಾನ ಕ್ಯಾಟಲಿನಾ. ಅದು ನೀರಿನ ಮೇಲೆ ಇಳಿಯಬಲ್ಲ ಹಾರುದೋಣಿ. ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು ಎಂಬ ಮಾತು ಈ ಭಾಗದ ಹಳಬರ ಬಾಯಲ್ಲಿ ಇಂದಿಗೂ ಇದೆ. ಅಪ್ಪನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯೊಬ್ಬರು ಆ ಡಿಪೋದಲ್ಲಿ ಹುಡುಗನಾಗಿ ಪುಳಿ, ನಟ್ಟು ತೊಳೆಯುತ್ತ ಸೇರಿದವರಂತೆ. ಯುದ್ಧ ಮುಗಿದು ಕಾರ್ಖಾನೆ ಮರಳಿ ಬರುವ ಹೊತ್ತಿಗೆ ಅದು ಪೂರ್ವದೇಶಗಳ ಅತಿ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು. ನಮ್ಮ ಬೆಂಗಳೂರು ವಿಮಾನ ಕಟ್ಟುವುದನ್ನು ಕಲಿಯುವಾಗಲೇ ವಿಮಾನ ಬಿಚ್ಚಿ ಜೋಡಿಸುವುದನ್ನೂ ಕಲಿತಿತ್ತು.

ಅದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಒಂದು ವಿಚಿತ್ರ ಪತ್ತೆಯಾಯಿತು. ಅಟ್ಲಾಂಟಿಕ್ ಸಾಗರದ ಮೇಲೆ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಕೋಸ್ಟಲ್ ಕಮಾಂಡ್ ಎಂಬ ಪಡೆಗೆ ಒಂದು ಚಿಂತೆಯಿತ್ತು. ಎಷ್ಟು ವಿಮಾನ ಕೊಟ್ಟರೂ ಅರ್ಧದಷ್ಟು ರಿಪೇರಿಯಲ್ಲೇ ಇರುತ್ತಿದ್ದವು. ಲೆಕ್ಕ ಹಾಕಲು ಕರೆದದ್ದು ಎಂಜಿನಿಯರುಗಳನ್ನಲ್ಲ, ಜೀವವಿಜ್ಞಾನಿಗಳನ್ನು. ಸಿ. ಎಚ್. ವಾಡಿಂಗ್ಟನ್ ಭ್ರೂಣಶಾಸ್ತ್ರಜ್ಞ. ಇಂದು ವಿದ್ಯಾರ್ಥಿಗಳು ಓದುವ 'ಎಪಿಜೆನೆಟಿಕ್ಸ್' ಎಂಬ ಪದವನ್ನು ಚಾಲ್ತಿಗೆ ತಂದವರು. ಸೆಸಿಲ್ ಗಾರ್ಡನ್ ತಳಿವಿಜ್ಞಾನಿ. ನೊಣಗಳ ಹುಟ್ಟುಸಾವು ಎಣಿಸಿ ರೂಢಿಯಿದ್ದ ಈ ಜನ ವಿಮಾನಗಳ ಕೆಡುಕನ್ನೂ ಹಾಗೆಯೇ ಎಣಿಸಿದರು.

ಆಗ ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ವಿಮಾನವನ್ನು ಕಡ್ಡಾಯವಾಗಿ ತಪಾಸಣೆಗೆ ಒಳಪಡಿಸುತ್ತಿದ್ದರು. ತಪಾಸಣೆ ಸಾರ್ಥಕವಾಗಿದ್ದರೆ ಅದು ಮುಗಿದ ಕೂಡಲೇ ಕೆಡುಕು ಕಡಿಮೆಯಿರಬೇಕು, ಮುಂದಿನ ತಪಾಸಣೆ ಹತ್ತಿರವಾದಂತೆ ಏರಬೇಕು. ಕಂಡದ್ದು ತಿರುಗುಮುರುಗು. ತಪಾಸಣೆ ಮುಗಿದ ಕೂಡಲೇ ಕೆಡುಕು ಜಿಗಿದು ಮೇಲೇರುತ್ತಿತ್ತು, ಹಾರುತ್ತ ಹಾರುತ್ತ ಇಳಿಯುತ್ತಿತ್ತು, ಮತ್ತೆ ತಪಾಸಣೆಯಾದಾಗ ಮತ್ತೆ ಏರುತ್ತಿತ್ತು. ಚೆನ್ನಾಗಿ ಕೂತಿದ್ದ ಭಾಗಗಳನ್ನು ಕದಲಿಸಿದ್ದೇ ಅದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು. ವಾಡಿಂಗ್ಟನ್ ಈ ಕೆಲಸದ ಬಗ್ಗೆ ಬರೆದ ಪುಸ್ತಕ ಹೊರಬಂದದ್ದು 1973ರಲ್ಲಿ. ಈ ವಿದ್ಯಮಾನಕ್ಕೆ ಈಗ ಅವರದೇ ಹೆಸರು ಅಂಟಿಕೊಂಡಿದೆ.

ಅಪ್ಪ ವಾಡಿಂಗ್ಟನ್ನನ ಹೆಸರು ಕೇಳಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅವರ ಕೆಂಪು ಶಾಯಿಯ ಐದು ಸಾಲುಗಳು ಹೇಳುತ್ತಿದ್ದುದು ಅದನ್ನೇ. ಒಂದೇ ಕಾರಿನ ಹನ್ನೊಂದು ಘಟನೆಗಳಿಂದ ಏನನ್ನೂ ಸಾಧಿಸಲಾಗದು, ನಿಜ. ಆದರೂ ಟ್ಯಾಬ್ ಹುಡುಗನ ಹದಿನೇಳು ಬಾಬ್ತುಗಳನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಕತೆ ಅಲ್ಲಿಗೇ ನಿಲ್ಲಲಿಲ್ಲ. ಯುದ್ಧದ ನಂತರ ಪ್ರಯಾಣಿಕ ವಿಮಾನಗಳು ಬಂದವು. ಪ್ರತಿ ಭಾಗಕ್ಕೂ ಒಂದು ಆಯಸ್ಸಿದೆ, ಅದು ಮುಗಿಯುವ ಮುಂಚೆ ಬಿಚ್ಚಿ ಹೊಸತಾಗಿಸಿದರೆ ವಿಮಾನ ಸುರಕ್ಷಿತ ಎಂಬ ನಂಬಿಕೆ ಗಟ್ಟಿಯಾಗಿತ್ತು. ಡಿ.ಸಿ.-8 ವಿಮಾನದಲ್ಲಿ ಹೀಗೆ ಕಾಲಕಾಲಕ್ಕೆ ಓವರ್‌ಹಾಲ್ ಆಗಬೇಕಾದ ಭಾಗಗಳು 339. ಯುನೈಟೆಡ್ ಏರ್‌ಲೈನ್ಸಿನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಎಂಬಿಬ್ಬರು ವರ್ಷಗಟ್ಟಲೆಯ ದಾಖಲೆಗಳನ್ನು ಜಾಲಾಡಿ 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ವರದಿ ಕೊಟ್ಟರು. ಅವರು ನೋಡಿದ ಭಾಗಗಳಲ್ಲಿ ಶೇ. 89ರಷ್ಟಕ್ಕೆ ವಯಸ್ಸಿಗೂ ಕೆಡುವುದಕ್ಕೂ ಗಟ್ಟಿ ಸಂಬಂಧವೇ ಇರಲಿಲ್ಲ, ಅವನ್ನು ವಯಸ್ಸು ನೋಡಿ ಬದಲಿಸುವುದರಿಂದ ಲಾಭವಿರಲಿಲ್ಲ. ಅದರೊಳಗೇ ದೊಡ್ಡ ಪಾಲು, ಒಟ್ಟು ಭಾಗಗಳ ಶೇ. 68, ಹೊಸದಾಗಿದ್ದಾಗಲೇ ಹೆಚ್ಚು ಕೆಡುವ ಜಾತಿಯವು. ಅಂಥದನ್ನು ಬದಲಿಸಿದಾಗಲೆಲ್ಲ ಅಪಾಯದ ಕಾಲ ಮತ್ತೆ ಮೊದಲಿನಿಂದ ಶುರು. ಈ ತಿಳಿವಳಿಕೆಯ ಮೇಲೆ ರೂಪುಗೊಂಡ ಡಿ.ಸಿ.-10ರಲ್ಲಿ ಕಾಲಬದ್ಧ ಓವರ್‌ಹಾಲಿಗೆ ಉಳಿದ ಭಾಗಗಳು ಬರೀ 7. ಅದರಿಂದ ಸುರಕ್ಷತೆ ಕುಗ್ಗಲಿಲ್ಲ.

ಇಷ್ಟು ಓದಿದ ಮೇಲೆ ನನಗೆ ತುಂಬಾ ಖುಷಿಯಾಯಿತು. ಏನೂ ಮಾಡಿಸದಿರಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಆಯಿಲ್ ಬದಲಿಸಿ ಓಡಿಸಿಕೊಂಡಿರೋಣ ಎಂದು ನಿರ್ಧರಿಸಿಯೂಬಿಟ್ಟೆ.

ಆ ನಿರ್ಧಾರ ಅಮ್ಮನ ಜೀವಕ್ಕೆ ಎರವಾಗಬಹುದಿತ್ತು. ವರದಿಯಲ್ಲೇ ಇನ್ನೊಂದು ಮಾತಿದೆ, ನಾನು ಅದನ್ನು ಹಾರಿಸಿ ಓದಿದ್ದೆ. ನೂರಾರು ಬಿಡಿಭಾಗಗಳು ಸೇರಿದ ಸಂಕೀರ್ಣ ವಸ್ತುಗಳಿಗೆ ವಯಸ್ಸಿನ ಲೆಕ್ಕ ಹೊಂದುವುದಿಲ್ಲ, ಆದರೆ ಸವೆಯುವ, ಕೊಳೆಯುವ, ಒಂದೇ ರೀತಿಯಲ್ಲಿ ಕೆಡುವ ಸರಳ ವಸ್ತುಗಳಿಗೆ ಹೊಂದುತ್ತದೆ. ಟೈರು ಅಂಥದು. ರಬ್ಬರ್ ಪೈಪು ಅಂಥದು. ಇನ್ನೂ ಒಂದು ಪ್ರಶ್ನೆಯನ್ನು ಅವರು ಮುಂದಿಟ್ಟಿದ್ದರು: ಇದು ಕೆಟ್ಟರೆ ಏನಾಗುತ್ತದೆ? ಕೆಟ್ಟದ್ದು ನಮಗೆ ಮೊದಲೇ ಗೊತ್ತಾಗುತ್ತದೋ ಇಲ್ಲವೋ? ಎ.ಸಿ. ಕೆಟ್ಟರೆ ಬೆವರುತ್ತೇವೆ. ಬ್ರೇಕಿನ ಪೈಪು ಒಳಗೊಳಗೇ ಬಿರಿಯುತ್ತಿದ್ದರೆ ಒತ್ತಿದ ದಿನವೇ ಗೊತ್ತಾಗುವುದು.

ನನ್ನ ಕಣ್ಣು ತೆರೆಸಿದ್ದು ಮಾತ್ರ ವರದಿಯಲ್ಲ, ಕೆರೆ.

ಬೆಳ್ಳಂದೂರು ಕೆರೆಯನ್ನು ಹೊಸಬರು ಗುರುತಿಸುವುದು ಅದರ ನೊರೆಯಿಂದ. 2015ರಲ್ಲಿ ಯಮಲೂರಿನ ಕೋಡಿಯ ಬಳಿ ಬಿಳಿ ನೊರೆ ರಸ್ತೆಗೆ ಹಾರಿ ಸ್ಕೂಟರು, ಕಾರುಗಳ ಮೇಲೆ ಬಿತ್ತು. ನೀರಿಗೆ ಬೆಂಕಿಯೂ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಮತ್ತೆ. ಅಪ್ಪ ಬಾಲ್ಕನಿಯಲ್ಲಿ ನಿಂತು ಹೊಗೆ ನೋಡುತ್ತ, "ಇದಕ್ಕೊಬ್ಬ ನೀರುಗಂಟಿ ಇದ್ದಿದ್ರೆ" ಎಂದಿದ್ದರು.

ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಕೆಲಸಗಾರನಿದ್ದ. ತೂಬು ಎತ್ತುವುದು, ಇಳಿಸುವುದು, ಗದ್ದೆಗೆ ಸರದಿ ಪ್ರಕಾರ ನೀರು ಬಿಡುವುದು ಅವನ ಹೊಣೆ. ಏರಿಯ ಮೇಲೆ ನಡೆಯುತ್ತ ಎಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ಗಿಡದ ಬೇರು ಕಲ್ಲು ಸಡಿಲಿಸಿದೆ ಎಂದು ನೋಡುವುದೂ ಅವನದೇ. ಅವನು ಏರಿಯನ್ನು ಬಿಚ್ಚಿ ಕಟ್ಟುತ್ತಿರಲಿಲ್ಲ, ನೋಡುತ್ತಿದ್ದ. ಕಂಡದ್ದನ್ನು ಊರಿಗೆ ಹೇಳುತ್ತಿದ್ದ. ಹೂಳಿನ ಲೆಕ್ಕ ಬೇರೆ. ಹೂಳು ನೋಡಿದರೂ ನೋಡದಿದ್ದರೂ ಮಳೆಗಾಲ ಮಳೆಗಾಲಕ್ಕೆ ತುಂಬುತ್ತದೆ. ಅದನ್ನು ಬೇಸಿಗೆಯಲ್ಲಿ ತೆಗೆಯಲೇಬೇಕು. ಅದಕ್ಕಾಗಿಯೇ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟದ್ದು ಕಾಣುತ್ತದೆ. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟವರಿದ್ದಾರೆ. ನೋಡುವ ಕೆಲಸಕ್ಕೆ ಒಬ್ಬ, ಕಾಲಕ್ಕೆ ತಪ್ಪದೆ ಮಾಡುವ ಕೆಲಸಕ್ಕೆ ಒಂದು ಆದಾಯ.

ನಗರ ಬೆಳೆದು ನಲ್ಲಿ ನೀರು ಬಂದಿತು, ಗದ್ದೆಗಳು ಸೈಟುಗಳಾದವು. ತೂಬಿನಿಂದ ನೀರು ಬೇಡುವವರು ಇಲ್ಲವಾದ ಮೇಲೆ ನೀರುಗಂಟಿಗೆ ಕೆಲಸವಿಲ್ಲ. ಕೆರೆ ಯಾರೂ ಬಳಸದೆ ನಿಂತಿತು. ನಿಂತದ್ದರ ಒಳಗೆ ಚರಂಡಿ ಸೇರಿತು, ಹೂಳು ತುಂಬಿತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, ನೀರು ಬಸಿದು, ಲಾರಿಗಟ್ಟಲೆ ಹೂಳು ಎತ್ತಬೇಕಾಯಿತು. ಬೇಡದ ಕೆಲಸ ಮಾಡಿ ಕೆಡಿಸುವುದು ಒಂದು ಬಗೆಯಾದರೆ, ನೋಡದೆ ಬಿಟ್ಟು ಕೆಡಿಸುವುದು ಇನ್ನೊಂದು. ನನ್ನ ಬೇಸ್‌ಮೆಂಟಿನ ಕಾರು ಎರಡನೆಯ ದಾರಿಯಲ್ಲಿತ್ತು.

ಹಾಗಾಗಿ ಅದರ ಹೂಳು ಯಾವುದು, ಏರಿ ಯಾವುದು ಎಂದು ಒಂದು ಕಾಗದದಲ್ಲಿ ಬರೆದುಕೊಂಡೆ.

ಓಡದಿದ್ದರೂ ಕಾಲದ ಜೊತೆ ಕೆಡುವುದು ಹೂಳು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಅದು ಕುದಿಯುವ ಮಟ್ಟ ಇಳಿಯುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ರೂಢಿ ಅದಕ್ಕೇ. ಕೂಲೆಂಟಿನ ತುಕ್ಕುನಿರೋಧಕ ಗುಣ ಕಾಲಕ್ರಮೇಣ ಕರಗುತ್ತದೆ. ಇಂಜಿನ್ ಆಯಿಲಿನದು ಬೇರೆ ಕತೆ. ಇಬ್ಬಲೂರು ಜಂಕ್ಷನ್ನಿನಲ್ಲಿ ಮೂರು ಕಿಲೋಮೀಟರಿಗೆ ನಲವತ್ತು ನಿಮಿಷ ಹಿಡಿದ ದಿನ ಮೀಟರಿನಲ್ಲಿ ಏರುವುದು ಮೂರೇ, ಇಂಜಿನ್ ಓಡಿದ್ದು ನಲವತ್ತು ನಿಮಿಷ. ವಿಮಾನದ ಆಯಸ್ಸನ್ನು ಗಂಟೆಯಲ್ಲಿ ಅಳೆಯುತ್ತಾರೆ, ನಮ್ಮ ಕಾರಿನದನ್ನು ದೂರದಲ್ಲಿ. ಕಡಿಮೆ ಓಡಿದ ಕಾರು ಎಂಬ ಹೆಮ್ಮೆಯ ಅರ್ಧ ಅಲ್ಲೇ ಕರಗಿತು. ಇನ್ನು ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಚಿಕ್ಕ ಚಿಕ್ಕ ಓಡಾಟಗಳಲ್ಲಿ ಆಯಿಲಿಗೆ ನೀರಿನ ಪಸೆ, ಪೆಟ್ರೋಲಿನ ಅಂಶ ಸೇರಿ ಉಳಿಯುತ್ತದೆ. 'ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು' ಎಂಬ ಸೂಚನೆಯ ಎರಡನೇ ಭಾಗ ನಮ್ಮಂಥವರಿಗಾಗಿಯೇ ಬರೆದದ್ದು.

ರಬ್ಬರಿನದೂ ಇದೇ ಲೆಕ್ಕ. ಟೈಮಿಂಗ್ ಬೆಲ್ಟ್, ಕೂಲೆಂಟ್ ಪೈಪು, ಬ್ರೇಕ್ ಹೋಸು, ಪೆಟ್ರೋಲ್ ಪೈಪು, ಟೈರು. ಅಪ್ಪ ಕಾರು ಕೊಂಡಾಗ ಇದ್ದ ಪೆಟ್ರೋಲ್ ಈಗಿಲ್ಲ. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥೆನಾಲ್ ಬೆರೆತದ್ದೇ ಸಿಗುತ್ತಿದೆ. ಅದೂ ತೇವ ಹೀರುವ ಗುಣದ್ದು, ಅದಕ್ಕೆಂದು ಮಾಡಿರದ ಹಳೆಯ ರಬ್ಬರಿಗೆ ಒಗ್ಗದು.

ಮಿಕ್ಕಿದ್ದೆಲ್ಲ ಏರಿ. ಇಂಜೆಕ್ಟರು, ಥ್ರಾಟಲ್, ಕ್ಲಚ್ಚು, ಗೇರ್‌ಬಾಕ್ಸು, ಸಸ್ಪೆನ್ಷನ್. ನೋಡಬೇಕು, ಕೇಳಬೇಕು, ಲಕ್ಷಣ ಕಂಡರೆ ಮಾತ್ರ ಕೈ ಹಾಕಬೇಕು.

ಈ ಕಾಗದ ಹಿಡಿದು ಕರಿಯಮ್ಮನ ಅಗ್ರಹಾರದ ಗಲ್ಲಿಯಲ್ಲಿರುವ ಸಣ್ಣ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಅರವತ್ತು ದಾಟಿದವರು. ಎಸ್ಟಿಮೇಟು ತೋರಿಸಿದೆ. ಅದನ್ನು ಪಕ್ಕಕ್ಕಿಟ್ಟು, "ಮೊದ್ಲು ಚಕ್ರ ಬಿಚ್ಚೋಣ ಸಾರ್" ಎಂದರು.

ಟೈರಿನ ಪಕ್ಕೆ ಒರೆಸಿ ನಾಲ್ಕು ಅಂಕಿ ತೋರಿಸಿದರು: 2211. 2011ನೇ ಇಸವಿಯ 22ನೇ ವಾರ ತಯಾರಾದದ್ದು. ಕಚ್ಚು ಆಳವಾಗಿ, ಹೊಸದರಂತೆ ಇತ್ತು. ಬೆರಳಿನಿಂದ ಒತ್ತಿದಾಗ ಪಕ್ಕೆಯಲ್ಲಿ ಒಣಗಿದ ಕೆರೆಯಂಗಳದಂತೆ ಬಿರುಕು ಬಾಯಿಬಿಟ್ಟವು. ಮುಂದಿನ ಎಡಚಕ್ರದ ಬ್ರೇಕ್ ಹೋಸನ್ನು ಮಡಿಸಿದರು. ಮಡಿಕೆಯ ಒಳಗೆ ಬಟ್ಟೆಯ ಎಳೆ ಕಾಣುತ್ತಿತ್ತು. ಹಿಂದಿನ ಡ್ರಮ್ಮು ಬಿಚ್ಚಿದರೆ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಜಿನುಗಿ ಲೈನರು ನೆನೆದಿತ್ತು. "ಅಮ್ಮನ್ನ ಕೂರಿಸ್ಕೊಂಡು ಇದ್ರಲ್ಲಿ ಹೋಗಿದ್ರಾ?" ಎಂದು ಕೇಳಿದರು. ಹಿಂದಿನ ವಾರ ಹೋಗಿದ್ದೆ. ಫ್ಲೈಓವರಿನ ಇಳಿಜಾರಿನಲ್ಲಿ, ಮಳೆಯಲ್ಲಿ.

ಹದಿನೇಳು ಬಾಬ್ತಿನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಪಾಲಿಶ್ ಇತ್ತು. ಟೈರು ಇರಲಿಲ್ಲ, ಹೋಸು ಇರಲಿಲ್ಲ, ವೀಲ್ ಸಿಲಿಂಡರ್ ಇರಲಿಲ್ಲ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆಯೆಂದು ಟೈಮಿಂಗ್ ಬೆಲ್ಟ್ ಕೂಡ ಇರಲಿಲ್ಲ. ಹದಿನೇಳು ವರ್ಷದ ಬೆಲ್ಟು. ಅದು ಹರಿದರೆ ಕಾರು ನಡುರಸ್ತೆಯಲ್ಲಿ ಸತ್ತು ನಿಲ್ಲುತ್ತದೆ. ಆ ಹುಡುಗ ಚಕ್ರ ಬಿಚ್ಚಿಯೇ ಇರಲಿಲ್ಲ. ನನ್ನ 'ಏನೂ ಮುಟ್ಟದಿರೋಣ' ಎಂಬ ನಿರ್ಧಾರವೂ ಅವನ 'ಎಲ್ಲ ಮಾಡಿಸಿಬಿಡಿ' ಎಂಬ ಸಲಹೆಯೂ ಒಂದೇ ಕಡೆ ಎಡವಿದ್ದವು. ಇಬ್ಬರೂ ನೋಡಿರಲಿಲ್ಲ.

ಆದ ಖರ್ಚು ಇಷ್ಟು: ಟೈರು ನಾಲ್ಕಕ್ಕೆ 13,600, ಬ್ರೇಕ್ ಹೋಸು, ಸಿಲಿಂಡರು, ಲೈನರು, ಆಯಿಲ್ ಸೇರಿ 4,800, ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್ 6,500, ಕೂಲೆಂಟ್, ಅದರ ಪೈಪುಗಳು 2,700, ಇಂಜಿನ್ ಆಯಿಲ್, ಫಿಲ್ಟರು 2,100, ಪೆಟ್ರೋಲ್ ಪೈಪು 1,200. ಒಟ್ಟು 30,900. ಹದಿನೇಳರಲ್ಲಿ ನಾನು ಉಳಿಸಿಕೊಂಡದ್ದು ಮೂರು: ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್. ಇಂಜಿನ್ ಫ್ಲಶಿಂಗ್ ಬಗ್ಗೆ ಕೇಳಿದ್ದಕ್ಕೆ ಮೇಸ್ತ್ರಿ ಆಯಿಲ್ ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ನೋಡಿದರು. "ಕ್ಲೀನಾಗೈತೆ. ಯಾಕೆ ಕೆಣಕ್ತೀರಾ?"

ಕೆಲಸ ಮುಗಿದ ಮೇಲೆ ಎರಡು ವಾರ ಅಮ್ಮನನ್ನು ಕೂರಿಸಿಕೊಳ್ಳಲಿಲ್ಲ. ಅಪ್ಪನ ಕೆಂಪು ಶಾಯಿ ನೆನಪಿತ್ತು. ದಿನವೂ ಬೆಳಿಗ್ಗೆ ಒಬ್ಬನೇ ಓಡಿಸಿದೆ, ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ. ವಾಪಸು ಬಂದು ಕೆಳಗೆ ರಟ್ಟು ಹಾಸಿ, ಏನಾದರೂ ತೊಟ್ಟಿಕ್ಕಿದೆಯೇ ನೋಡಿದೆ. ನಾಲ್ಕನೇ ದಿನ ಒಂದು ಹಸಿರು ಹನಿ ಕಂಡಿತು. ಕೂಲೆಂಟ್ ಪೈಪಿನ ಕ್ಲಿಪ್ಪು ಅರ್ಧ ಸುತ್ತು ಸಡಿಲವಿತ್ತು. ಮೇಸ್ತ್ರಿಗೆ ಫೋನಿನಲ್ಲಿ ಹೇಳಿದೆ. ಬೇಜಾರು ಮಾಡಿಕೊಳ್ಳದೆ ಬಂದು ಬಿಗಿ ಮಾಡಿದರು.

ಮೊನ್ನೆ ಶನಿವಾರ ಆಸ್ಪತ್ರೆಯಿಂದ ಬರುವಾಗ ಯಮಲೂರಿನ ದಾರಿ ಹಿಡಿದೆ. ಕೋಡಿಯ ಬಳಿ ಅಮ್ಮ ಗಾಜು ಇಳಿಸಿದಳು. ಎಚ್.ಎ.ಎಲ್. ಕಡೆಯಿಂದ ಒಂದು ಹೆಲಿಕಾಪ್ಟರ್ ತಗ್ಗಿನಲ್ಲಿ ಹಾದುಹೋಯಿತು. ಇಲ್ಲಿ ವಿಮಾನ ನೀರಿನ ಮೇಲೆ ಇಳೀತಿತ್ತಂತೆ ಅಂದೆ. "ನಿಮ್ಮಪ್ಪನೂ ಹೇಳ್ತಿದ್ರು, ನಾನು ನಂಬಿರ್ಲಿಲ್ಲ" ಎಂದಳು. ಮನೆಗೆ ಬಂದು ಹಸಿರು ಪುಸ್ತಕದಲ್ಲಿ ಅಪ್ಪನ ಕೊನೆಯ ಸಾಲಿನ ಕೆಳಗೆ ದಿನಾಂಕ, ಕಿಲೋಮೀಟರ್ ಬರೆದೆ. ಕ್ಲಿಪ್ಪಿನ ಸಂಗತಿಯನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಹನ್ನೆರಡನೆಯದು. ಮುಂದಿನ ಸಾಲಿನಲ್ಲಿ, ಬ್ರೇಕ್ ಆಯಿಲ್ ಬದಲಿಸಬೇಕಾದ ತಿಂಗಳು: ಎರಡು ವರ್ಷದ ನಂತರದ್ದು.